ತಾಯಿ ಇದ್ದೂ ಅನಾಥರಾದ ಮಕ್ಕಳು: ಕೆನರಾ ಕರಾವಳಿಯ ಚರ್ಚ್ ಆಶ್ರಯಗಳ ಕಥೆ

1559ರಲ್ಲಿ ಲಿಸ್ಬನ್ನಿನಿಂದ ಗೋವೆಗೆ ಒಂದು ರಾಜಾಜ್ಞೆ ಬಂತು. ತಂದೆ, ತಾಯಿ, ಅಜ್ಜ, ಅಜ್ಜಿ ಯಾರೂ ಇಲ್ಲದ, ಇನ್ನೂ ಬುದ್ಧಿ ಬಲಿಯದ ಹಿಂದೂ ಮಕ್ಕಳನ್ನು ಹಳೆ ಗೋವೆಯ ಸಂತ ಪಾವ್ಲರ ಕಾಲೇಜಿನ ಜೆಸುಯಿಟ್ ಪಾದ್ರಿಗಳಿಗೆ ಒಪ್ಪಿಸಬೇಕು, ಅವರು ಆ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟು, ಸಾಕಿ, ವಿದ್ಯೆ ಕಲಿಸಬೇಕು ಎಂಬುದು ಅದರ ಸಾರ. ಕಾಗದದ ಮೇಲೆ ಇದು ದಿಕ್ಕಿಲ್ಲದ ಮಕ್ಕಳಿಗೆ ನೆಲೆ ಕಲ್ಪಿಸುವ ಕಾನೂನು. ಜಾರಿಯಾಗುತ್ತ ಹೋದಂತೆ ಅದರ ಬಾಯಿ ದೊಡ್ಡದಾಯಿತು. ತಂದೆ ಸತ್ತರೆ ಸಾಕು, ತಾಯಿ ಬದುಕಿದ್ದರೂ ಮಗು ಅನಾಥವೆಂದು ಅಧಿಕಾರಿಗಳು ಎಣಿಸತೊಡಗಿದರು. ಗಂಡನನ್ನು ಕಳೆದುಕೊಂಡ ಹೆಂಗಸು ಅದರ ಬೆನ್ನಿಗೇ ಮಗುವನ್ನೂ ಕಳೆದುಕೊಳ್ಳುವ ಭಯದಲ್ಲಿ ಬದುಕಬೇಕಾಯಿತು.

ಗೋವೆಯಿಂದ ದಕ್ಷಿಣಕ್ಕೆ ಹರಿದ ವಲಸೆಗೆ ಕಾರಣಗಳು ಹಲವು: ದೇವಾಲಯಗಳ ನಾಶ, ಹಬ್ಬ ಹರಿದಿನಗಳ ಮೇಲಿನ ನಿಷೇಧ, 1560ರಲ್ಲಿ ಬಂದು ನೆಲೆಯೂರಿದ ಇನ್‌ಕ್ವಿಸಿಷನ್. ದೇವರ ಮೂರ್ತಿಯನ್ನು ರಾತ್ರೋರಾತ್ರಿ ಹೊತ್ತೊಯ್ದು ಹೊಳೆಯಾಚೆ ಪ್ರತಿಷ್ಠಾಪಿಸಬಹುದಿತ್ತು. ಅಧಿಕಾರಿಯ ಕೈಸೇರಿದ ಮಗುವನ್ನು ಮರಳಿ ತರಲು ದಾರಿ ಇರಲಿಲ್ಲ. ಹೀಗಾಗಿ ಆ ಕಾರಣಗಳ ಪಟ್ಟಿಯಲ್ಲಿ ಅನಾಥ ಮಕ್ಕಳ ಕಾನೂನಿಗೆ ದೊಡ್ಡ ಜಾಗವಿದೆ. ಕೊಂಕಣಿ ಮಾತಾಡುವ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳ ಕಡೆ ಬಂದವು. ಇಂದು ಭಟ್ಕಳ ತಾಲೂಕಿನ ಶಿರಾಲಿಯಲ್ಲಿ ಚಿತ್ರಾಪುರ ಮಠವಿದೆ, ಕುಮಟಾ ಹೊನ್ನಾವರಗಳ ಪೇಟೆಗಳಲ್ಲಿ ಸಾರಸ್ವತರ ಮನೆಗಳಿವೆ. ಆ ಬದುಕಿನ ಹಿಂದೆ ಮಕ್ಕಳನ್ನು ಉಳಿಸಿಕೊಳ್ಳಲು ಊರು ಬಿಟ್ಟವರ ನೆನಪೂ ಇದೆ.

ಈ ಕರಾವಳಿಯಲ್ಲಿ ಚರ್ಚು ನಡೆಸಿದ ಮಕ್ಕಳ ಆಶ್ರಯಗಳ ಇತಿಹಾಸವನ್ನು ಇಲ್ಲಿಂದಲೇ ಶುರುಮಾಡಬೇಕು. ಮುಂದೆ ಇದೇ ಧರ್ಮದ ಪಾದ್ರಿಗಳು, ಸಿಸ್ಟರುಗಳು, ಮಿಷನರಿಗಳು ಯಾರೂ ಮುಟ್ಟದ ಕೂಸುಗಳನ್ನು ಎತ್ತಿ ಸಾಕಿದರು. ಅದು ನಿಜವಾದ ಕರುಣೆ. ಆದರೆ ಆ ಕರುಣೆ ಕಾಲಿಟ್ಟ ನೆಲದಲ್ಲಿ ಹಳೆಯ ಭಯವೊಂದು ಮೊದಲೇ ಬೇರುಬಿಟ್ಟಿತ್ತು. ಎರಡನ್ನೂ ಒಟ್ಟಿಗೆ ನೋಡದೆ ಈ ಕಥೆ ಪೂರ್ತಿಯಾಗದು.

ಅರಸರ ಅನುಮತಿಯ ಇಗರ್ಜಿಗಳು

ಹೊನ್ನಾವರ ಹಳೆಯ ಬಂದರು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿಟ್ಟ. 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಅಲ್ಲಿಂದ ಹೊರದಬ್ಬಿದ. ಅಕ್ಕಿ, ಕರಿಮೆಣಸಿನ ವ್ಯಾಪಾರ ಎರಡೂ ಕಡೆಗೆ ಬೇಕಿದ್ದುದರಿಂದ ಮತ್ತೆ ಮಾತುಕತೆ ನಡೆಯಿತು. 1678ರ ಒಪ್ಪಂದದಲ್ಲಿ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ, ಅಂದರೆ ಚರ್ಚು, ಕಟ್ಟಿಕೊಳ್ಳಲು ಕೆಳದಿಯ ಅನುಮತಿ ದೊರೆಯಿತು.

ಗೋವೆಗೂ ಇಲ್ಲಿಗೂ ಇದ್ದ ವ್ಯತ್ಯಾಸ ಇದೇ. ಅಲ್ಲಿ ಇಗರ್ಜಿಯ ಹಿಂದೆ ರಾಜದಂಡವಿತ್ತು. ಇಲ್ಲಿ ಅದು ಲಿಂಗಾಯತ ಅರಸರ ನೆಲದಲ್ಲಿ, ಅವರ ಮಾತಿನ ಮೇಲೆ ನಿಂತಿತ್ತು. ಯಾರ ಮನೆಯ ಮಗುವನ್ನೂ ಎಳೆದೊಯ್ಯುವ ಅಧಿಕಾರ ಅದಕ್ಕಿರಲಿಲ್ಲ. 1681ರಲ್ಲಿ ಕೆನರಾಕ್ಕೆ ಬಂದ ಗೋವೆಯ ಪಾದ್ರಿ ಜೋಸೆಫ್ ವಾಜ್ ಊರೂರು ನಡೆದು ಚದುರಿಹೋಗಿದ್ದ ಕ್ರೈಸ್ತ ಮನೆಗಳನ್ನು ಒಂದುಗೂಡಿಸಿದರು. 1684ರಲ್ಲಿ ಹಿಂದಿರುಗಿ, ಆಮೇಲೆ ಸಿಂಹಳಕ್ಕೆ ಹೋದ ಅವರನ್ನು 2015ರಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಸಾರಿದರು. ಆ ಕಾಲದಲ್ಲಿ ದಿಕ್ಕಿಲ್ಲದ ಮಗುವಿಗೆಂದು ಪ್ರತ್ಯೇಕ ಕಟ್ಟಡ ಬೇಕಾಗಿರಲಿಲ್ಲ. ಸತ್ತವನ ಮಗುವನ್ನು ಚಿಕ್ಕಪ್ಪನೋ ಸೋದರಮಾವನೋ ದೇವತಂದೆಯೋ ಮನೆಗೆ ಕರೆದೊಯ್ಯುತ್ತಿದ್ದರು. ಕೂಡುಕುಟುಂಬ ಗಟ್ಟಿಯಿದ್ದಷ್ಟು ಕಾಲ ಅನಾಥಾಲಯದ ಯೋಚನೆ ಯಾರಿಗೂ ಬರುವುದಿಲ್ಲ.

1784ರಲ್ಲಿ ಆ ಗಟ್ಟಿತನಕ್ಕೇ ಪೆಟ್ಟು ಬಿತ್ತು. ಇಂಗ್ಲಿಷರ ಜತೆಗಿನ ಯುದ್ಧದ ಬೆನ್ನಿಗೆ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇಗರ್ಜಿಗಳು ನೆಲಸಮವಾದವು. 1799ರ ನಂತರ ಉಳಿದವರು ಘಟ್ಟ ಇಳಿದು ಬಂದಾಗ ಸೆರೆಯಲ್ಲಿ ಬೆಳೆದ ಮಕ್ಕಳಿಗೆ ಊರಿನ ಗುರುತೂ ಇರಲಿಲ್ಲ. ಇಗರ್ಜಿಗಳನ್ನು ಮತ್ತೆ ಕಟ್ಟಲಾಯಿತು. ಕುಮಟಾ ಹೊನ್ನಾವರಗಳ ನಡುವಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಜೇವಿಯರ್ ಹಬ್ಬಕ್ಕೆ ಇಂದಿಗೂ ಎಲ್ಲ ಮತದವರೂ ಸೇರುತ್ತಾರೆ. ಕುಟುಂಬಗಳ ಒಳಗೆ ಬಿದ್ದ ಬಿರುಕು ಮಾತ್ರ ಅಷ್ಟು ಬೇಗ ಮುಚ್ಚಲಿಲ್ಲ.

ಮಗ್ಗ ಮತ್ತು ಹಂಚು

1833ರ ಚಾರ್ಟರ್ ಕಾಯಿದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷದ ಅಕ್ಟೋಬರ್ 30ರಂದು ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಇಳಿದರು. ಆಗ ಮಂಗಳೂರಿನಿಂದ ಕಾರವಾರದವರೆಗೆ ಎಲ್ಲವೂ ಮದ್ರಾಸ್ ಪ್ರಾಂತದ ಕೆನರಾ ಎಂಬ ಒಂದೇ ಜಿಲ್ಲೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್, ನಿಘಂಟಿನ ಫರ್ಡಿನೆಂಡ್ ಕಿಟೆಲ್ ಇದೇ ಮಿಷನ್‌ನವರು. ಕನ್ನಡಿಗರು ಇವರನ್ನು ಪುಸ್ತಕಗಳಿಂದ ಬಲ್ಲರು. ಮಂಗಳೂರು, ಮುಲ್ಕಿ, ಉಡುಪಿಗಳಲ್ಲಿ ಇದೇ ಮಿಷನ್ ನಡೆಸಿದ ಅನಾಥಾಲಯಗಳ ನೆನಪು ಅಷ್ಟಾಗಿ ಉಳಿದಿಲ್ಲ. ಮುಲ್ಕಿಯದು ಹೆಣ್ಣುಮಕ್ಕಳ ಮನೆ.

ಆ ಮನೆಗಳಿಗೆ ಬಂದವರಲ್ಲಿ ತಂದೆತಾಯಿ ಸತ್ತ ಮಕ್ಕಳಿದ್ದರು. ಕ್ರೈಸ್ತರಾದ ಕಾರಣಕ್ಕೆ ಮನೆ, ಜಾತಿ, ಗೇಣಿ ಭೂಮಿ ಎಲ್ಲ ಕಳೆದುಕೊಂಡವರ ಮಕ್ಕಳೂ ಇದ್ದರು. ಜಾತಿಯಿಂದ ಹೊರಬಿದ್ದವನಿಗೆ ಬಾವಿಯ ನೀರಿಲ್ಲ, ಕಸುಬಿಲ್ಲ; ಅವನ ಮಗು ಬಂಧುಗಳ ಪಾಲಿಗೆ ಇದ್ದೂ ಇಲ್ಲದಂತೆ. ಊಟ ಹಾಕಿ ಅಕ್ಷರ ಕಲಿಸಿದರೆ ಮುಗಿಯುವುದಿಲ್ಲ, ಹದಿನೆಂಟಕ್ಕೆ ಬಂದ ಹುಡುಗ ನಾಳೆಯಿಂದ ದುಡಿದು ತಿನ್ನುವುದು ಹೇಗೆ ಎಂಬ ಪ್ರಶ್ನೆ ಮಿಷನ್ನಿನ ಎದುರಿಗೆ ಬಂತು. ನೇಯ್ಗೆಯ ಮಗ್ಗಗಳು, ಅಚ್ಚುಕೂಟ, ಬಡಗಿ ಕೆಲಸ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಶುರುಮಾಡಿದ ಹಂಚಿನ ಕಾರ್ಖಾನೆ ಆ ಪ್ರಶ್ನೆಗೆ ಸಿಕ್ಕ ಉತ್ತರದ ಭಾಗ. ಮುಂದೆ ಮಲ್ಪೆಯಲ್ಲೂ ಹಂಚಿನ ಕಾರ್ಖಾನೆ ಬಂತು. ಕರಾವಳಿಯ ಹುಲ್ಲಿನ ಮಾಡುಗಳನ್ನು ಕೆಂಪು ಮಂಗಳೂರು ಹಂಚಿಗೆ ಬದಲಿಸಿದ ಆ ಉದ್ಯಮದ ಬುನಾದಿಯಲ್ಲಿ ಬಂಧುಬಳಗ ಕಳೆದುಕೊಂಡವರ ಅನ್ನದ ಪ್ರಶ್ನೆಯಿತ್ತು.

ಸರ್ಕಾರವೂ ಅದೇ ದಾರಿಯಲ್ಲಿ ಯೋಚಿಸುತ್ತಿತ್ತು. ಭಾರತದಲ್ಲಿ ಮಕ್ಕಳ ಕುರಿತು ಬಂದ ಮೊದಲ ಕಾನೂನುಗಳಲ್ಲಿ ಒಂದಾದ 1850ರ ಅಪ್ರೆಂಟಿಸ್ ಕಾಯಿದೆ, ಸಾರ್ವಜನಿಕ ದಾನದಲ್ಲಿ ಬೆಳೆದ ಅನಾಥ ಮತ್ತು ಬಡಮಕ್ಕಳನ್ನು ಹತ್ತರಿಂದ ಹದಿನೆಂಟು ವರ್ಷದೊಳಗೆ ಕಸುಬುದಾರರ ಬಳಿ ಕರಾರಿನ ಮೇಲೆ ಬಿಡಲು ಅವಕಾಶ ಕೊಟ್ಟಿತು. ಅದೇ ವರ್ಷ ಬಂದ ಇನ್ನೊಂದು ಕಾನೂನು, ಮತ ಬಿಟ್ಟವರಿಗೂ ಜಾತಿಯಿಂದ ಹೊರಬಿದ್ದವರಿಗೂ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು ಹೇಳಿತು.

ಆದರೆ ಹಳೆಯ ಭಯ ಹೋಗಿರಲಿಲ್ಲ. 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗ ಪೇಟೆಗೆ ಪೇಟೆಯೇ ಕದಡಿಹೋಯಿತು. ತನ್ನ ಬುದ್ಧಿಯಿಂದಲೇ ನಿರ್ಧಾರ ಮಾಡಿದ ಓದಿದ ಯುವಕ ಆತ. ಮುಂದೆ ಬಾಸೆಲ್‌ನಲ್ಲಿ ಕಲಿತು ಮಿಷನರಿಯಾಗಿ ಬಂದ. ಹಾಗಿದ್ದೂ ಅಷ್ಟು ಕೋಲಾಹಲ ಯಾಕೆ ಎಂದು ಕೇಳಿಕೊಂಡರೆ, ಉತ್ತರಕ್ಕಾಗಿ 1559ರವರೆಗೆ ಹಿಂದೆ ಹೋಗಬೇಕಾಗುತ್ತದೆ. ಮಕ್ಕಳನ್ನು ಉಳಿಸಿಕೊಳ್ಳಲೆಂದು ಗೋವೆ ಬಿಟ್ಟ ಸಮುದಾಯಕ್ಕೆ ಮಿಷನ್ ಶಾಲೆ ಬೇಕಿತ್ತು, ಅದರ ಇಂಗ್ಲಿಷ್ ಬೇಕಿತ್ತು; ಮಗ ಆ ಶಾಲೆಯಿಂದ ಮನೆಗೆ ಮರಳದಿದ್ದರೆ ಎಂಬ ದಿಗಿಲು ಮಾತ್ರ ಎದೆಯಲ್ಲೇ ಉಳಿದಿತ್ತು.

ಧಾತು, ಈಶ್ವರ

1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ಕುಮಟಾದ ಬಂದರಿಗೆ ಅದು ಸುಗ್ಗಿಯ ಕಾಲ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತಿತು. ಇಂಗ್ಲೆಂಡಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು ಬಿತ್ತು. ಹತ್ತಿ ಹೊತ್ತು ಇಳಿದ ಗಾಡಿಗಳು ಉಪ್ಪು, ಅಕ್ಕಿ, ತೆಂಗು ತುಂಬಿಕೊಂಡು ಹತ್ತುತ್ತಿದ್ದವು.

1876ರಲ್ಲಿ ಬಯಲುಸೀಮೆಗೆ ಮಳೆ ಕೈಕೊಟ್ಟಿತು. ಮರುವರ್ಷವೂ ತಡವಾಯಿತು. ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರ ಸಂವತ್ಸರದಲ್ಲಿ ಹಿಂಡಿದ ಆ ಬರವನ್ನು ಹಳಬರು ಸಂವತ್ಸರದ ಹೆಸರಿನಿಂದಲೇ ನೆನೆಯುತ್ತಿದ್ದರು. ಬಳ್ಳಾರಿ, ಕಲಾದಗಿ, ಧಾರವಾಡ, ಇಡೀ ಮೈಸೂರು ಸಂಸ್ಥಾನ ತತ್ತರಿಸಿದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಒಳಕ್ಕೆ ಇಳಿದಿತ್ತು. ಧಾನ್ಯ ಇರಲೇ ಇಲ್ಲವೆಂದಲ್ಲ. ಬರ ಕಾಡುತ್ತಿದ್ದಾಗಲೂ ದೇಶದಿಂದ ಗೋಧಿ ರಫ್ತಾಗುತ್ತಿತ್ತು. ಖರ್ಚು ಉಳಿಸಲೆಂದು ಸರ್ಕಾರದ ಬರ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದ್ದರು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದರಲ್ಲಿ ಮನುಷ್ಯ ಬದುಕಲಾರ ಎಂದು ವಾದಿಸಿ, ಕೆಲವು ತಿಂಗಳ ಬಳಿಕ ಅದನ್ನು ಹೆಚ್ಚಿಸುವಂತೆ ಮಾಡಿದರು. ಅಷ್ಟರಲ್ಲಿ ಕಲ್ಲು ಒಡೆಯುತ್ತಲೇ ಸತ್ತವರ ಮಕ್ಕಳು ಗಂಜಿ ಕೇಂದ್ರಗಳಲ್ಲಿ ಉಳಿದುಬಿಟ್ಟಿದ್ದರು.

ಹಸಿದವರು ಘಟ್ಟ ಇಳಿದು ಕರಾವಳಿಗೂ ಬಂದರು. ಹತ್ತಿ ಗಾಡಿಯ ದಾರಿಯಲ್ಲಿ ಈಗ ಎಲುಬಿನ ಗೂಡಾದ ಮನುಷ್ಯರು ನಡೆದರು. ಬೆಂಗಳೂರಿನಲ್ಲಿ, ಧಾರವಾಡ ಸೀಮೆಯಲ್ಲಿ, ಮೈಸೂರಿನ ಹಳ್ಳಿಗಳಲ್ಲಿ ಮಿಷನ್ನುಗಳ ಅಂಗಳ ಮಕ್ಕಳಿಂದ ತುಂಬಿತು. ಕರ್ನಾಟಕದ ಅನಾಥಾಲಯಗಳ ಇತಿಹಾಸದ ದೊಡ್ಡ ತಿರುವು ಇದೇ. ಬೆಂಗಳೂರಿನಲ್ಲಿದ್ದ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಿಷನರಿ ಹೆಂಗಸು ಬರದ ಮಕ್ಕಳಿಗಾಗಿ ಕೋಲಾರದಲ್ಲಿ ಮನೆ ಮಾಡಿದರು. 1890ರಲ್ಲಿ ಅದನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿದರು. ವೆಸ್ಲಿಯನ್ನರು ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಜಾಗ ಕೊಟ್ಟರು. ಕ್ಯಾಥೊಲಿಕ್ ಪಾದ್ರಿಗಳ ಅನಾಥಾಲಯಕ್ಕೆ ಸೇರಿದ ಬೇಸಾಯದ ನೆಲದ ಸುತ್ತ ನೆಲಮಂಗಲದ ಕಡೆ ಸಿಲುವೆಪುರದಂಥ ಊರೇ ಬೆಳೆಯಿತು.

ಈ ಮನೆಗಳು ತೆರೆಯದಿದ್ದರೆ ಆ ಮಕ್ಕಳಲ್ಲಿ ಬಹುಪಾಲು ಬದುಕುತ್ತಿರಲಿಲ್ಲ. ಇದನ್ನು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬೇಕು. ಇನ್ನೊಂದನ್ನೂ ಹೇಳಬೇಕು. ಬರ ಮುಗಿದ ಮೇಲೆ ಮಗುವನ್ನು ಹುಡುಕಿಕೊಂಡು ಚಿಕ್ಕಪ್ಪ ಬಂದರೆ, ತಾಯಿಯೇ ಬಂದರೆ, ಅಷ್ಟರಲ್ಲಿ ಆ ಮಗುವಿಗೆ ಬೇರೆ ಹೆಸರು, ಬೇರೆ ಪ್ರಾರ್ಥನೆ, ಬೇರೆ ಬಂಧುತ್ವ ಬಂದಿರುತ್ತಿತ್ತು. ಹುಟ್ಟಿದೂರು ಯಾವುದೆಂದು ಹೇಳಲಾರದ ಮೂರು ವರ್ಷದ ಕೂಸನ್ನು ಮರಳಿ ಎಲ್ಲಿಗೆ ಕಳಿಸುವುದು?

ದೇಶದ ತುಂಬ ಈ ಪ್ರಶ್ನೆಯ ಮೇಲೆ ಜಗಳ ಎದ್ದಿತು. ಆರ್ಯಸಮಾಜ 1877ರಲ್ಲಿ ಫಿರೋಜಪುರದಲ್ಲಿ ಅನಾಥಾಲಯ ತೆರೆದಿತ್ತು. ಶತಮಾನದ ಕೊನೆಯ ಬರಗಳಲ್ಲಿ ಲಾಲಾ ಲಜಪತರಾಯ್ ಹಿಂದೂ ಅನಾಥ ಮಕ್ಕಳ ಪರಿಹಾರಕ್ಕೆ ಚಳವಳಿಯನ್ನೇ ಕಟ್ಟಿದರು. ಕನ್ನಡಿಗರೂ ನಡೆದು ಹೋಗುವ ಪಂಢರಪುರದಲ್ಲಿ, ವಿಧವೆಯರು ಹೆತ್ತು ಬಿಟ್ಟುಹೋಗುವ ಕೂಸುಗಳಿಗಾಗಿ 1875ರಲ್ಲೇ ಸುಧಾರಕರು ಮನೆ ತೆರೆದಿದ್ದರು. ಪರಿಣಾಮವಾಗಿ ಬರದ ನಿಯಮಾವಳಿಗಳಲ್ಲಿ ಹೊಸ ಮಾತು ಸೇರಿತು: ಅನಾಥ ಮಗುವನ್ನು ಮೊದಲು ಬಂಧುಗಳಿಗೆ, ಅವರಿಲ್ಲದಿದ್ದರೆ ಅದೇ ಮತದ ಮನೆಗೆ ಅಥವಾ ಸಂಸ್ಥೆಗೆ, ಯಾರೂ ಮುಂದೆ ಬರದಿದ್ದರೆ ಮಾತ್ರ ಇತರರಿಗೆ ಒಪ್ಪಿಸಬೇಕು. ಗೋವೆಯ ಕಾನೂನು ತಲೆಕೆಳಗಾಗಲು ಮುನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಪೋಷಕರನ್ನು ನೇಮಿಸುವಾಗ ನ್ಯಾಯಾಲಯ ಮಗುವಿನ ವಯಸ್ಸು, ಲಿಂಗ, ಧರ್ಮಗಳನ್ನು ಗಮನಿಸಬೇಕು. ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಮಗುವಿನ ಇಷ್ಟವನ್ನೂ ಪರಿಗಣಿಸಬಹುದು ಎಂದಿತು. ದೊರೆ, ಪಾದ್ರಿ, ಪಂಚರು ಎಲ್ಲರ ಮಾತೂ ಮುಗಿದ ಮೇಲೆ ಕೊನೆಗೊಮ್ಮೆ ಮಗುವಿನ ಮಾತಿಗೂ ಕಾನೂನಿನಲ್ಲಿ ಒಂದು ಸಾಲು ಸಿಕ್ಕಿತು.

ಗಂಗಾಮೂಲದಿಂದ ಕೇಡಗಾಂವಕ್ಕೆ

ಈ ಕಾಲದ ಎಳೆಗಳೆಲ್ಲ ಒಬ್ಬ ಹೆಣ್ಣಿನ ಬಾಳಿನಲ್ಲಿ ಕೂಡಿಬಂದವು. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ಕಾರಣಕ್ಕೆ ತನ್ನವರ ವಿರೋಧ ಕಟ್ಟಿಕೊಂಡವರು. ಮನೆ ಕಳೆದು, ಪುರಾಣ ಹೇಳುತ್ತ ತೀರ್ಥಕ್ಷೇತ್ರ ಅಲೆಯುತ್ತಿದ್ದ ಆ ಕುಟುಂಬವನ್ನು 1870ರ ದಶಕದ ಬರ ನುಂಗಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ಹಸಿವಿನಲ್ಲೇ ನಡೆಯುತ್ತ 1878ರಲ್ಲಿ ಕಲಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು.

1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು; ಮರುವರ್ಷ ಅದು ಪುಣೆಗೆ ಹೋಯಿತು. ರಾನಡೆ, ಭಂಡಾರ್ಕರ್ ಅಂಥವರು ಸಲಹಾ ಮಂಡಳಿಯಲ್ಲಿದ್ದರು. ಹುಡುಗಿಯರು ಕ್ರೈಸ್ತ ಧರ್ಮದ ಕಡೆ ವಾಲುತ್ತಿದ್ದಾರೆಂಬ ಸುದ್ದಿ ಹಬ್ಬಿದಾಗ ತಿಲಕರ ‘ಕೇಸರಿ’ ಗುಡುಗಿತು, ಸಲಹಾ ಮಂಡಳಿ ದೂರ ಸರಿಯಿತು, ಹಲವು ಮನೆಯವರು ಹೆಣ್ಣುಮಕ್ಕಳನ್ನು ಹೊರಗೆ ಕರೆದೊಯ್ದರು. 1896–97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ ಹಸಿದ ಹುಡುಗಿಯರನ್ನು ನೂರುಗಟ್ಟಲೆ ಕರೆತಂದು ಕೇಡಗಾಂವದಲ್ಲಿ ಇರಿಸಿಕೊಂಡರು. 1898ರಲ್ಲಿ ಅದು ಮುಕ್ತಿ ಮಿಷನ್ ಆಯಿತು. ಆ ಹುಡುಗಿಯರು ಎಣ್ಣೆ ತೆಗೆದರು, ಬಟ್ಟೆ ನೇಯ್ದರು, ಹೈನು ನೋಡಿಕೊಂಡರು, ಅಚ್ಚಿನ ಮೊಳೆ ಜೋಡಿಸಿದರು. ರಮಾಬಾಯಿ ತಾವೇ ಮರಾಠಿಗೆ ತಂದ ಬೈಬಲನ್ನು ಅಚ್ಚು ಹಾಕಿದ್ದು ಅವರೇ. ಮಗಳು ಮನೋರಮಾ ಇದೇ ಕೆಲಸವನ್ನು ಗುಲಬರ್ಗಾದವರೆಗೆ ತಂದರು.

ರಮಾಬಾಯಿಯ ಆಶ್ರಯ ಬೇರೆಯವುಗಳಿಗಿಂತ ಭಿನ್ನವಾಗಲು ಕಾರಣ ಆಕೆ ಸ್ವತಃ ಬರದ ಮಗು. ಮೇಲಿನಿಂದ ಕೈಚಾಚಿದವರಲ್ಲ ಆಕೆ, ಅದೇ ಹಾದಿಯಲ್ಲಿ ಹಸಿದು ನಡೆದವರು. ಆದ್ದರಿಂದಲೇ ಹುಡುಗಿಯ ಕೈಗೆ ಕಸುಬು ಬರಬೇಕು, ಮದುವೆಯೊಂದೇ ಬಿಡುಗಡೆಯ ದಾರಿಯಾಗಬಾರದು ಎಂಬ ಪಟ್ಟು ಅಲ್ಲಿ ಅಷ್ಟು ಬಿಗಿಯಾಗಿತ್ತು.

ಜೆಪ್ಪುವಿನ ಆಶ್ರಯ, ಉತ್ತರದ ಸಭೆ

ಮಂಗಳೂರಿನ ಕ್ಯಾಥೊಲಿಕ್ ಲೋಕಕ್ಕೆ ಹೊಸ ಚುರುಕು ಬಂದದ್ದು ಇಟಲಿಯ ಜೆಸುಯಿಟರು 1878ರ ಡಿಸೆಂಬರ್ 31ರಂದು ಬಂದಿಳಿದ ಮೇಲೆ. ಅದಕ್ಕೆ ಮೊದಲೇ, 1870ರಲ್ಲಿ, ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಬಂದು ಸಂತ ಆ್ಯನ್ಸ್ ಕಾನ್ವೆಂಟ್ ಶುರುಮಾಡಿದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದೇ ವರ್ಷ ಫಾದರ್ ಅಗಸ್ಟಸ್ ಮುಲ್ಲರ್ ಹೋಮಿಯೋಪತಿ ಔಷಧಿಯ ಪುಟ್ಟ ಪೆಟ್ಟಿಗೆಯಿಂದ ಶುರುಮಾಡಿದ ಸೇವೆ ಕಂಕನಾಡಿಯ ಆಸ್ಪತ್ರೆಯಾಗಿ ಬೆಳೆಯಿತು. ಜೆಪ್ಪುವಿನ ಸಂತ ಜೋಸೆಫರ ಆಶ್ರಮದಲ್ಲಿ ದಿಕ್ಕಿಲ್ಲದ ಹುಡುಗರು ಬಡಗಿ, ಕಮ್ಮಾರ ಕೆಲಸ ಕಲಿತರು, ಇಗರ್ಜಿಗಳಿಗೆ ಬೇಕಾದ ಪ್ರತಿಮೆಗಳನ್ನು ಮಾಡಿದರು. 1898ರಲ್ಲಿ ಫಾದರ್ ಕಮೀಸಾ ಸಂತ ಅಂತೋನಿಯ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಸೇವೆ ಶುರುಮಾಡಿದರು. ಜೆಪ್ಪುವಿನ ಸಂತ ಅಂತೋನಿ ಸಂಸ್ಥೆಗಳು ಅದರಿಂದ ಬೆಳೆದು ಅನಾಥ ಮಕ್ಕಳು, ಮುದುಕರು, ಬಿಟ್ಟುಹೋದ ಕೂಸುಗಳು ಎಲ್ಲರಿಗೂ ನೆಲೆಯಾದವು.

ಇಂಥ ದೊಡ್ಡ ಸಂಸ್ಥೆಗಳು ದಕ್ಷಿಣದಲ್ಲೇ ಬೆಳೆದು ಹೊನ್ನಾವರ, ಕುಮಟಾ, ಭಟ್ಕಳಗಳಲ್ಲಿ ಬೆಳೆಯದೆ ಹೋದುದಕ್ಕೆ ಆಡಳಿತದ ಗಡಿಯೂ ಕಾರಣ. ಉತ್ತರ ಕೆನರಾದ ಇಗರ್ಜಿಗಳು 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಹುಟ್ಟುವವರೆಗೂ ಗೋವೆಯ ಕೆಳಗೇ ಇದ್ದವು. 1976ರಲ್ಲಷ್ಟೇ ಕಾರವಾರ ಪ್ರತ್ಯೇಕ ಧರ್ಮಪ್ರಾಂತವಾಯಿತು. ಅಷ್ಟರಲ್ಲಾಗಲೇ ಕೇರಳದ ಮಾರ್ ತೋಮಾ ಸಭೆಯವರು ಅಂಕೋಲಾದ ಕ್ರಿಸ್ತಮಿತ್ರ ಆಶ್ರಮದಂಥ ನೆಲೆಗಳನ್ನು ಕಟ್ಟಿಕೊಂಡರು. ಚರ್ಚಿನ ಹೊರಗೂ ಕೆಲಸ ನಡೆದಿತ್ತು. ಭಟ್ಕಳದಲ್ಲಿ 1919ರಿಂದ ಅಂಜುಮನ್ ಸಂಸ್ಥೆ ಶಾಲೆಗಳನ್ನು ಬೆಳೆಸಿತು. 1953ರಲ್ಲಿ ಚುಟುಕದ ಕವಿ ದಿನಕರ ದೇಸಾಯಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಹೈಸ್ಕೂಲು ಒಯ್ದರು. ಕಡಲಿಗೆ ಹೋದ ಗಂಡ ಮರಳದ ಮನೆಯಲ್ಲಿ, ಘಟ್ಟದ ಅಂಚಿನ ಕೂಲಿ ಬಿಡಾರದಲ್ಲಿ ಬೆಳೆಯುವ ಮಗುವಿಗೆ ಹತ್ತಿರದ ಶಾಲೆಗಿಂತ ದೊಡ್ಡ ಆಸರೆ ಬೇರೆ ಇರಲಿಲ್ಲ.

ಅತ್ತ ದಕ್ಷಿಣದಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಬಾಸೆಲ್ ಮಿಷನ್ನಿನ ಜರ್ಮನರನ್ನು ಸೆರೆಹಿಡಿದು, ಬಳಿಕ ದೇಶದಿಂದ ಕಳಿಸಲಾಯಿತು. ಹಂಚಿನ ಕಾರ್ಖಾನೆ, ಮಗ್ಗಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಸಭೆಯ ಊರ ಜನ, ಅವರಲ್ಲೂ ಅನಾಥಾಲಯಗಳಲ್ಲೇ ಬೆಳೆದು ಮೇಷ್ಟ್ರು, ಮೇಟ್ರನ್ ಆದವರು, ಹೆಗಲು ಕೊಟ್ಟದ್ದರಿಂದ ಆ ಮನೆಗಳ ಕೆಲಸ ಮುರಿದುಬೀಳಲಿಲ್ಲ. ದೂರದ ದೇಶದ ದಾನ ನಿಂತಾಗಲೂ ಸಂಸ್ಥೆ ಉಳಿಯಬೇಕಾದರೆ ಊರಿನ ಕೈ ಬೇಕು ಎಂಬ ಪಾಠವನ್ನು ಆ ವರ್ಷಗಳು ಕಲಿಸಿದವು.

ಎರಡು ಜಿಲ್ಲೆ, ಎರಡು ಕಾನೂನು

ಒಂದೇ ಕರಾವಳಿಯಾದರೂ ಶರಾವತಿಯ ದಂಡೆಯ ಮಗುವಿಗೂ ನೇತ್ರಾವತಿಯ ದಂಡೆಯ ಮಗುವಿಗೂ ಬಹುಕಾಲ ಬೇರೆ ಬೇರೆ ಕಾನೂನು. ದಕ್ಷಿಣ ಕೆನರಾಕ್ಕೆ 1920ರ ಮದ್ರಾಸ್ ಮಕ್ಕಳ ಕಾಯಿದೆ, ಉತ್ತರ ಕೆನರಾಕ್ಕೆ 1924ರ ಮುಂಬಯಿ ಮಕ್ಕಳ ಕಾಯಿದೆ. ಏಕೀಕರಣದ ನಂತರ 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಮಕ್ಕಳ ಕಾಯಿದೆ ಬಂತು. ಅನಾಥಾಲಯಗಳ ಮೇಲ್ವಿಚಾರಣೆಗೆ 1960ರಲ್ಲೇ ಕೇಂದ್ರದ ಕಾನೂನು ಇತ್ತು. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಕ್ಕಳನ್ನು ಹೊರದೇಶಕ್ಕೆ ದತ್ತು ಕೊಡುವ ವ್ಯವಹಾರಕ್ಕೆ ಕಟ್ಟುನಿಟ್ಟು ತಂದಿತು. 1992ರಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು.

ಇಂದು ಜಾರಿಯಲ್ಲಿರುವುದು 2015ರ ಬಾಲನ್ಯಾಯ ಕಾಯಿದೆ. ಬಸ್‌ಸ್ಟ್ಯಾಂಡಿನಲ್ಲೋ ಕೊಂಕಣ ರೈಲಿನ ನಿಲ್ದಾಣದಲ್ಲೋ ಒಂಟಿ ಮಗು ಸಿಕ್ಕರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸರಿಗೋ 1098ಕ್ಕೋ ತಿಳಿಸಬೇಕು, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಯಾವ ಇಗರ್ಜಿ, ಮಠ, ಟ್ರಸ್ಟ್ ಆದರೂ ನೋಂದಣಿಯಿಲ್ಲದೆ ಮಕ್ಕಳ ಮನೆ ನಡೆಸುವಂತಿಲ್ಲ. ಸಾಕಲಾರದೆ ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಧಿ ಇದೆ. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ, ಮಗುವನ್ನು ಕುಟುಂಬಕ್ಕೆ ಮರಳಿಸುವುದು ಮೊದಲ ಗುರಿ, ಮಗುವಿನ ಮಾತನ್ನು ಕೇಳಲೇಬೇಕು ಎಂಬುದು ಕಾನೂನಿನ ಮೂಲತತ್ವ. ಹದಿನೆಂಟು ದಾಟಿ ಹೊರಟವರ ಬೆನ್ನಿಗೆ ನಿಲ್ಲಲೂ ಅವಕಾಶವಿದೆ.

ಇಷ್ಟಾದರೂ ಹಳೆಯ ಗಾಯ ವಾಸಿಯಾಗಿಲ್ಲ. ಕೇಂದ್ರ ಸರ್ಕಾರ ದೇಶದ ಮಕ್ಕಳ ಪಾಲನಾ ಸಂಸ್ಥೆಗಳನ್ನೆಲ್ಲ ಲೆಕ್ಕಹಾಕಿಸಿ 2018ರಲ್ಲಿ ಹೊರತಂದ ವರದಿಯಲ್ಲಿ ಸುಮಾರು 9,600 ಸಂಸ್ಥೆಗಳಲ್ಲಿ 3.7 ಲಕ್ಷ ಮಕ್ಕಳಿದ್ದರು. ಅವರಲ್ಲಿ ತಂದೆತಾಯಿ ಇಬ್ಬರೂ ಇಲ್ಲದವರಿಗಿಂತ, ಇಬ್ಬರಲ್ಲಿ ಒಬ್ಬರು ಮಾತ್ರ ಇದ್ದ ಮಕ್ಕಳೇ ಎರಡು ಪಟ್ಟಿಗೂ ಮೀರಿ ಹೆಚ್ಚು. ಅವರೇ ಸುಮಾರು 1.2 ಲಕ್ಷ. ಗಂಡ ಸತ್ತು, ಬಿಟ್ಟುಹೋಗಿ, ಕುಡಿತಕ್ಕೆ ಬಿದ್ದು ಒಂಟಿಯಾದ ತಾಯಿ ಕೂಲಿಗೆ ಹೋಗುವಾಗ ಮಗುವನ್ನು ಎಲ್ಲಿ ಬಿಡುವುದೆಂದು ತಿಳಿಯದೆ ಬೋರ್ಡಿಂಗಿನ ಬಾಗಿಲಿಗೆ ತರುತ್ತಾಳೆ. ಗೋವೆಯಲ್ಲಿ ರಾಜಾಜ್ಞೆ ಮಾಡಿದ್ದನ್ನು ಈಗ ಬಡತನ ಮಾಡುತ್ತಿದೆ: ತಾಯಿ ಬದುಕಿರುವಾಗಲೇ ಮಗು ಅನಾಥವಾಗುತ್ತಿದೆ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು. ಚರ್ಚಿನ ಆಶ್ರಯಗಳನ್ನು ಮತಾಂತರದ ಬಲೆ ಎಂದು ಬದಿಗೊತ್ತುವುದು ಬರದ ವರ್ಷಗಳಲ್ಲಿ ಮಕ್ಕಳನ್ನು ಬದುಕಿಸಿದವರಿಗೆ ಮಾಡುವ ಅನ್ಯಾಯ. ಅವುಗಳನ್ನು ಬರಿಯ ಕರುಣೆಯ ಕಥೆಯಾಗಿ ಹಾಡಿಹೊಗಳುವುದು ಊರು, ಹೆಸರು, ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಮಾಡುವ ಅನ್ಯಾಯ. ಮಗ್ಗ, ಹಂಚು, ಅಚ್ಚುಕೂಟಗಳ ಮೂಲಕ ಮಗುವಿನ ನಾಳೆಯನ್ನು ಯೋಚಿಸಿದವರು ದೊಡ್ಡವರು. ಆ ನಾಳೆಯಲ್ಲಿ ತಾಯಿಗೂ ಜಾಗ ಇರಬೇಕೆಂದು ಅವರ ಕಾಲ ಅವರಿಗೆ ಕಲಿಸಿರಲಿಲ್ಲ; ನಮ್ಮ ಕಾಲ ಕಲಿಸಿದೆ.

ಆದ್ದರಿಂದ ಈಗ ಆಗಬೇಕಾದ ಕೆಲಸ ಎರಡು. ಹಳೆಯ ಅನಾಥಾಲಯಗಳ ದಾಖಲೆ ಪುಸ್ತಕಗಳು, ಜ್ಞಾನಸ್ನಾನದ ರಿಜಿಸ್ಟರುಗಳು ಗೆದ್ದಲಿಗೆ ಹೋಗುವ ಮೊದಲು ಅವುಗಳನ್ನು ಕಾಪಾಡಬೇಕು. ತನ್ನ ಅಜ್ಜಿ ಯಾವ ಊರಿನಿಂದ ಘಟ್ಟ ಇಳಿದು ಬಂದವಳು ಎಂದು ತಿಳಿಯುವ ಹಕ್ಕು ಆಕೆಯ ಮೊಮ್ಮಕ್ಕಳಿಗಿದೆ. ಎರಡನೆಯದು ಇನ್ನೂ ತುರ್ತಿನದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವನ್ನು ಮನೆಯಲ್ಲೇ ಸಾಕಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಹೊನ್ನಾವರದ ಮೀನುಗಾರರ ಕೇರಿಯಲ್ಲಿ, ಕುಮಟಾದ ಕೂಲಿಯವರ ನಡುವೆ, ಭಟ್ಕಳದ ಬಾಡಿಗೆ ಕೋಣೆಗಳಲ್ಲಿ ಇದರ ಅರ್ಜಿ ತುಂಬಿಕೊಡುವವರು ಬೇಕು. ಬಹುಕಾಲದಿಂದ ಈ ಕರಾವಳಿಯ ಪ್ರತಿ ಕೇರಿಯನ್ನೂ ಬಲ್ಲ ಇಗರ್ಜಿ, ಕಾನ್ವೆಂಟುಗಳಿಗಿಂತ ಆ ಕೆಲಸಕ್ಕೆ ಯೋಗ್ಯರು ಯಾರು? ಒಂದು ಆಶ್ರಯ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿತು ಎಂಬ ಲೆಕ್ಕವನ್ನು ಇನ್ನು ಸಾಕುಮಾಡಬೇಕು. ಎಷ್ಟು ತಾಯಂದಿರು ಮಗುವನ್ನು ತಮ್ಮ ಬಳಿಯೇ ಇಟ್ಟುಕೊಳ್ಳಲು ಅದು ನೆರವಾಯಿತು ಎಂಬುದರಿಂದಲೇ ಅದರ ಸೇವೆಯನ್ನು ಅಳೆಯಬೇಕು.